ಮಜ್ಜಿಗೆ ಹೊತ್ತಿನ ಪ್ರಶ್ನೆ

ಹಾಸನದ ಕಡೆ ನಾಲ್ಕು ಜನ ಹಳಬರು ಸೇರಿದರೆ ಆ ಬಸ್ ಕಂಪನಿಯ ಮಾತು ಬಂದೇ ಬರುತ್ತದೆ.

“ಏನ್ ಧಣಿಗಳಪ್ಪಾ ಅವ್ರು! ಪ್ಯಾಸೆಂಜರ್ ಕಾಯ್ಬೇಕು, ಡ್ರೈವರ್ ಉಣ್ಬೇಕು. ಅಂತಾ ಕಂಪ್ನಿ ಇನ್ನೆಲ್ಲೈತೆ ಏಳಿ” ಎಂದು ಒಬ್ಬರು ಶುರು ಮಾಡುತ್ತಾರೆ. ಉಳಿದವರು ಹೌದು ಹೌದು ಎಂದು ತಲೆ ಆಡಿಸುತ್ತಾರೆ. ಚನ್ನರಾಯಪಟ್ಟಣದ ಒಂದು ಮದುವೆಯಲ್ಲಿ ಇದೇ ಮಾತು ನನ್ನ ಪಕ್ಕದ ಎಲೆಯಲ್ಲೇ ಬಂತು. ನಾನು ಊಟ ಅರ್ಧಕ್ಕೇ ಬಿಟ್ಟು ಎದ್ದೆ. ಆ ಕಂಪನಿಯ ಒಲೆ ಮುಂದೆ ಕೂತು ಮುದ್ದೆ ಕಟ್ಟಿದವಳು ನಾನು. ಆ ಕಂಪನಿಯ ಬಸ್ಸು ಓಡಿಸಿದವರು ನಮ್ಮನೆಯವರು. ನನಗೆ ಗೊತ್ತಿರುವುದನ್ನು ಹೇಳುತ್ತೇನೆ, ಕೇಳಿ. ಹೆಸರುಗಳನ್ನು ಮಾತ್ರ ಹೇಳುವುದಿಲ್ಲ. ಆ ಧಣಿಗಳ ಮೊಮ್ಮಕ್ಕಳು ಒಳ್ಳೆಯವರು, ಎದುರು ಸಿಕ್ಕರೆ ನಿಂತು ಮಾತಾಡಿಸುತ್ತಾರೆ.

ಐವತ್ತರ ದಶಕದಲ್ಲಿ ನಾನು ಮದುವೆಯಾಗಿ ಹೊಳೆನರಸೀಪುರಕ್ಕೆ ಬಂದಾಗ ಆ ಕಂಪನಿಯ ಬಸ್ಸುಗಳು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ನಡುವೆ ಓಡಾಡುತ್ತಿದ್ದವು. ಶೆಡ್ಡು ಇದ್ದದ್ದು ಹೊಳೆನರಸೀಪುರದಲ್ಲಿ, ಊರಾಚೆ. ಶೆಡ್ಡಿನ ಹಿಂದೆ ಒಂದು ಉದ್ದನೆಯ ಹೆಂಚಿನ ಮನೆ. ಅದಕ್ಕೆ ಊಟದ ಮನೆ ಎಂದೇ ಹೆಸರು. ಮಧ್ಯಾಹ್ನದ ಹೊತ್ತಿಗೆ ಯಾವ ಬಸ್ಸು ಊರಿಗೆ ಬಂದರೂ ಮೊದಲು ಆ ಶೆಡ್ಡಿನ ಮುಂದೆ ನಿಲ್ಲಬೇಕು. ಡ್ರೈವರು, ಕಂಡಕ್ಟರು ಇಳಿದು ಒಳಗೆ ಹೋಗಿ ಎಲೆ ಮುಂದೆ ಕೂರಬೇಕು. ಅವರು ಉಂಡು ಕೈ ತೊಳೆಯುವ ತನಕ ಬಸ್ಸು ಅಲ್ಲಾಡುವ ಹಾಗಿಲ್ಲ. ಜನ ಬಿಸಿಲಲ್ಲಿ ಬಸ್ಸಿನೊಳಗೇ ಕೂತು ಬೇಯುತ್ತಿದ್ದರು.

“ಯೋವ್, ನಮ್ಗೂ ಒಂದೊಂದ್ ಮುದ್ದೆ ಇಕ್ರಯ್ಯ! ನಾವೇನ್ ಪುಗಸಟ್ಟೆ ಕೂತಿದ್ದೀವಾ?” ಎಂದು ಹೊರಗಿನಿಂದ ಒಬ್ಬ ಕೂಗುವುದು.

“ಕೋರ್ಟ್ಗೆ ಓಗ್ಬೇಕು ಕಣ್ರಯ್ಯ, ನಮ್ ಕೇಸು ಕೂಗ್ಬುಡ್ತಾರೆ!” ಎಂದು ಇನ್ನೊಬ್ಬ.

ಕಂಡಕ್ಟರು ಬಾಯಲ್ಲಿ ಮುದ್ದೆ ಇಟ್ಟುಕೊಂಡೇ ಕಿಟಕಿಯ ಕಡೆ ತಿರುಗಿ, “ಜಡ್ಜ್ ಸಾಯೇಬ್ರೂ ಈಗ ಉಣ್ತಾನೇ ಇರ್ತಾರೆ, ತೆಪ್ಪಗ್ ಕೂತ್ಕಳಿ” ಎನ್ನುತ್ತಿದ್ದ. ಊಟದ ಮನೆ ಪೂರ್ತಿ ನಗು.

ಈ ಕಟ್ಟಳೆ ಮಾಡಿದವರು ದೊಡ್ಡ ಯಜಮಾನರು. ಯುದ್ಧದ ಕಾಲದಲ್ಲಿ ಪೆಟ್ರೋಲ್ ಸಿಗದೆ ಇದ್ದಿಲ ಹೊಗೆಯಲ್ಲಿ ಬಸ್ಸು ಓಡಿಸುತ್ತಿದ್ದರಲ್ಲ, ಆಗ ಅವರೂ ಇನ್ನೊಬ್ಬರ ಬಸ್ಸಿನ ಡ್ರೈವರು. ಒಂದು ದಿನ ಬೆಳಗಿನಿಂದ ಏನೂ ತಿನ್ನದೆ ಓಡಿಸುತ್ತಾ ಹೋಗಿ, ಕಣ್ಣು ಕತ್ತಲೆ ಬಂದು, ಬಸ್ಸನ್ನು ಬೇಲಿಗೆ ನುಗ್ಗಿಸಿದ್ದರಂತೆ. ಮುಂದೆ ಸ್ವಂತ ಕಂಪನಿ ಕಟ್ಟಿದಾಗ, ಹಸಿದ ಹೊಟ್ಟೆಯಲ್ಲಿ ನಮ್ಮ ಬಸ್ಸಿನ ಸ್ಟೀರಿಂಗ್ ಯಾರೂ ಮುಟ್ಟಕೂಡದು ಎಂದು ಮೊದಲ ದಿನವೇ ಹೇಳಿದರು. ಡ್ರೈವರುಗಳ ಮನೆಯ ಹೆಂಗಸರು ಮೂರ್ನಾಲ್ಕು ಜನ ಅಡುಗೆಗೆ. ಹುರುಳಿ ಸಾರು, ಮುದ್ದೆ, ಒಂದಿಷ್ಟು ಅನ್ನ, ಮಜ್ಜಿಗೆ. ಬಡಿಸುವುದು ಮಾತ್ರ ನಾವಲ್ಲ. ದೊಡ್ಡ ಯಜಮಾನರೇ ಪಂಚೆ ಎತ್ತಿ ಕಟ್ಟಿ, ಬನಿಯನ್ನಿನಲ್ಲಿ ಸಾಲಿನ ಉದ್ದಕ್ಕೂ ಓಡಾಡುತ್ತಾ ಬಡಿಸುತ್ತಿದ್ದರು.

ಇಷ್ಟು ಎಲ್ಲರಿಗೂ ಗೊತ್ತು. ಮದುವೆ ಮನೆಗಳಲ್ಲಿ ಹೇಳುವುದೂ ಇಷ್ಟೇ. ಅವರಿಗೆ ಗೊತ್ತಿಲ್ಲದ್ದು ಮಜ್ಜಿಗೆಯ ಹೊತ್ತಿನ ವಿಷಯ.

ಕೊನೆಗೆ ಮಜ್ಜಿಗೆ ಚೊಂಬು ಹಿಡಿದು ಬರುವಾಗ ಅವರು ಪ್ರತಿಯೊಬ್ಬ ಡ್ರೈವರ ಮುಂದೆಯೂ ನಿಲ್ಲುತ್ತಿದ್ದರು. ಅವನು ಬೊಗಸೆ ಒಡ್ಡುತ್ತಿದ್ದ. ಮಜ್ಜಿಗೆ ಬಿಡುವ ಮೊದಲು ಒಂದು ಮಾತು ಕೇಳುತ್ತಿದ್ದರು.

“ಏನಂತದ್ಲಾ ಗಾಡಿ?”

ಏನೂ ಇಲ್ಲದಿದ್ದರೆ “ಚೆನ್ನಾಗೈತೆ ಯಜಮಾನ್ರೆ” ಎನ್ನಬೇಕು. ಇದ್ದರೆ ಇದ್ದದ್ದನ್ನು ಹೇಳಬೇಕು. ಗೇರು ಕಚ್ಚುತ್ತದೆ, ಸ್ಟೀರಿಂಗ್ ಎಳೆಯುತ್ತದೆ, ಏನಾದರೂ ಸರಿ. ಅವರು ಚೊಂಬನ್ನು ಅಲ್ಲೇ ಕೆಳಗಿಟ್ಟು ಶೆಡ್ಡಿನ ಕಡೆ ಕೂಗುತ್ತಿದ್ದರು: “ಮೇಸ್ತ್ರೀ, ಈ ಗಾಡಿ ಇವತ್ತು ಅಲ್ಲಾಡ್ಬಾರ್ದು!” ಮುಗಿಯಿತು. ಒಳಗಿದ್ದ ಜನರನ್ನು ಇಳಿಸಿ ಬೇರೆ ಬಸ್ಸಿಗೆ ಹತ್ತಿಸುತ್ತಿದ್ದರು. ಬೇರೆ ಬಸ್ಸು ಇಲ್ಲದಿದ್ದರೆ ಆ ಟ್ರಿಪ್ಪೇ ಇಲ್ಲ. ಜನ ಬೈಯುತ್ತಿದ್ದರು. ಅವರು ನಗುತ್ತಾ ಬೈಸಿಕೊಳ್ಳುತ್ತಿದ್ದರು.

ಕೇಳುವ ತನಕ ಮಾತ್ರ ಯಾರೂ ಬಾಯಿ ಬಿಡುತ್ತಿರಲಿಲ್ಲ. ಅದು ಅಲ್ಲಿನ ನಡವಳಿಕೆ. ಯಾರೂ ಹೇಳಿಕೊಟ್ಟದ್ದಲ್ಲ. ಒಬ್ಬ ಮನುಷ್ಯ ನಿಂತು ಅನ್ನ ಬಡಿಸುತ್ತಿರುವಾಗ ಅವನ ಬಸ್ಸಿನ ಮೇಲೆ ದೂರು ಹೇಳುವುದು ನಮ್ಮ ಕಡೆಯ ಗಂಡಸರಿಂದ ಆಗುವ ಕೆಲಸವಲ್ಲ. ನಾನು ಒಮ್ಮೆ ಪಾತ್ರೆ ಬಳಿಯುತ್ತಾ ದೊಡ್ಡ ಯಜಮಾನರನ್ನೇ ಕೇಳಿದ್ದೆ, “ದಿನಾ ಯಾಕೆ ಒಬ್ಬೊಬ್ರುನ್ನೂ ಕೇಳ್ತೀರಾ, ಇದ್ರೆ ಅವ್ರೇ ಏಳಾಕಿಲ್ವಾ?” ಎಂದು.

“ಏಳಾಕಿಲ್ಲ ಕಣವ್ವ” ಎಂದರು. “ಉಣ್ಣಾಕ್ ಇಕ್ದೋನ್ ಮುಂದೆ ಅದು ಸರಿಗಿಲ್ಲ, ಇದು ಸರಿಗಿಲ್ಲ ಅನ್ನಾಕೆ ನಾಲ್ಗೆ ಏಳಾಕಿಲ್ಲ. ನಾನೂ ಇನ್ನೊಬ್ರ ತಾವ ಡ್ರೈವರಾಗಿದ್ದೋನೇ. ಅದ್ಕೇ ನಾನೇ ಕೇಳ್ಬೇಕು.”

ಆ ಮಾತು ಕೇಳಿ ನಾನು ಬೆರಗಾಗಿದ್ದು ನಿಜ. ಆದರೆ ಇವತ್ತು ಯೋಚಿಸಿದರೆ ಅವರ ಮೇಲೂ ಸಿಟ್ಟು ಬರುತ್ತದೆ. ಅಷ್ಟು ತಿಳಿದಿದ್ದ ಮನುಷ್ಯ, ಅದನ್ನು ತಮ್ಮ ನಾಲಿಗೆಯೊಂದರ ಮೇಲೇ ಇಟ್ಟುಕೊಂಡರು. ಗಾಡಿ ಸರಿಯಿಲ್ಲದಿದ್ದರೆ ನೀನೇ ನಿಲ್ಲಿಸು ಎಂದು ಮೇಸ್ತ್ರಿಗೆ ಹೇಳಲಿಲ್ಲ. ಡ್ರೈವರುಗಳಿಗೂ ಹೇಳಲಿಲ್ಲ. ಮಗನಿಗಂತೂ ಹೇಳಲೇ ಇಲ್ಲ. ನಾನಿರುವಾಗ ಏನು ಎಂದುಕೊಂಡಿರಬೇಕು.

ಇನ್ನೊಂದು ಇದೆ. ಅದನ್ನೂ ಹೇಳಿಬಿಡುತ್ತೇನೆ. ನಮ್ಮನೆಯವರ ಬಸ್ಸಿಗೆ ಒಬ್ಬ ಕ್ಲೀನರ್ ಇದ್ದ. ಬೇರೆ ಬಸ್ಸುಗಳ ಕ್ಲೀನರುಗಳೆಲ್ಲ ಚಿಕ್ಕ ಹುಡುಗರು, ಆತನಿಗೆ ಮಾತ್ರ ತಲೆ ನರೆತಿತ್ತು. ಶೆಡ್ಡಿನೊಳಗೆ ಬಸ್ಸನ್ನು ಹಿಂದೆ ಮುಂದೆ ತಿರುಗಿಸಿ ನಿಲ್ಲಿಸುವಷ್ಟು ಡ್ರೈವಿಂಗ್ ಬರುತ್ತಿತ್ತು, ಆದರೂ ಕೊನೆತನಕ ಕ್ಲೀನರೇ. ಊರಾಚೆಯ ಕೇರಿಯವನು, ಮುಟ್ಟಬಾರದ ಜಾತಿ ಎಂದು ದೂರ ಇಟ್ಟಿದ್ದರು. ಆತನಿಗೆ ಒಳಗೆ ಎಲೆ ಇಲ್ಲ. ಹೊರಗೆ ಹೊಂಗೆ ಮರದ ಬುಡದಲ್ಲಿ ಕೂರಬೇಕು, ನಾವು ಹೋಗಿ ಮೇಲಿಂದ ಹಾಕಿ ಬರಬೇಕು. ಮಜ್ಜಿಗೆಯೂ ಅಲ್ಲಿಗೇ. ದೊಡ್ಡ ಯಜಮಾನರು ಆ ಮರದ ತನಕ ಚೊಂಬು ಹಿಡಿದು ಹೋದದ್ದನ್ನು ನಾನು ನೋಡಲಿಲ್ಲ. ದಿನಾ ಬಸ್ಸಿನ ಕೆಳಗೆ ನುಗ್ಗಿ ಮಲಗಿ ನೋಡುತ್ತಿದ್ದವನು ಆತ. ಆತನನ್ನು ಮಾತ್ರ ಗಾಡಿ ಏನಂತದೆ ಎಂದು ಯಾರೂ ಕೇಳಲಿಲ್ಲ. ಕೆಲಸದವರೇ ಮೊದಲು ಎನ್ನುವ ಕಂಪನಿಯಲ್ಲಿ ಕೆಲಸದವರು ಎಂದರೆ ಹೆಂಚಿನ ಕೆಳಗೆ ಕೂತವರು ಅಷ್ಟೇ.

ಅರವತ್ತರ ದಶಕ ಶುರುವಾಗಿ ಒಂದೆರಡು ವರ್ಷಕ್ಕೆ ದೊಡ್ಡ ಯಜಮಾನರು ಹೋದರು. ಮೈಸೂರಿನಲ್ಲಿ ಕಾಲೇಜು ಓದಿ ಬಂದಿದ್ದ ಮಗ ಕಂಪನಿ ವಹಿಸಿಕೊಂಡರು. ನಾವು ಚಿಕ್ಕ ಯಜಮಾನರು ಎನ್ನುತ್ತಿದ್ದೆವು. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಎಷ್ಟೋ ಚೆನ್ನಾಗಿತ್ತು, ಬೈದುಕೊಂಡಾದರೂ ಇರಬಹುದಿತ್ತು.

ಕಾರ್ಯ ಮುಗಿದ ಮಾರನೆಯ ದಿನವೇ ಊಟದ ಮನೆಗೆ ಬಂದು, “ಅಪ್ಪಾಜಿ ನಡೆಸಿದ್ದು ಒಂದೂ ನಿಲ್ಲೋದಿಲ್ಲ. ನಾನೇ ಬಡಿಸ್ತೀನಿ” ಎಂದರು. ಹಾಗೇ ನಡೆದುಕೊಂಡರು ಕೂಡ. ಮುದ್ದೆಯ ಮೇಲೆ ತುಪ್ಪ ಬಂತು. ಸೋಮವಾರಕ್ಕೊಂದು ಪಾಯಸ ಬಂತು. ನೆಲದ ಮೇಲೆ ಕೂರಲು ಮಣೆ ಬಂದವು. ಯಾರೋ ದೊಡ್ಡ ಸಾಹೇಬರು ಹಾಸನದಿಂದ ಜೀಪಿನಲ್ಲಿ ಬಂದು, ಮಾಲೀಕ ಕೆಲಸಗಾರರಿಗೆ ಬಡಿಸುವುದನ್ನು ನಿಂತು ನೋಡಿ, “ಇಂಥವರು ಜಿಲ್ಲೆಗೊಬ್ಬರಿದ್ದರೆ ಸಾಕು” ಎಂದು ಹೊಗಳಿ ಹೋದರು. ಅವತ್ತು ಫೋಟೋ ಕೂಡ ತೆಗೆದರು. ಹೊಂಗೆ ಮರ ಫೋಟೋದಲ್ಲಿ ಬರಲಿಲ್ಲ.

ಮೊದಲ ದಿನದ ಮಜ್ಜಿಗೆ ನನಗೆ ಚೆನ್ನಾಗಿ ನೆನಪಿದೆ. ನಾನು ಅಡುಗೆ ಮನೆ ಬಾಗಿಲಲ್ಲಿ ನಿಂತಿದ್ದೆ. ಚಿಕ್ಕ ಯಜಮಾನರು ಚೊಂಬು ತಂದರು. ಡ್ರೈವರುಗಳು ಬೊಗಸೆ ಒಡ್ಡಿದರು. ಅವರು ಒಬ್ಬೊಬ್ಬರಿಗೂ “ಇನ್ನೊಂಚೂರು? ಇನ್ನೊಂಚೂರು?” ಎನ್ನುತ್ತಾ ನಗುಮುಖದಲ್ಲಿ ಬಿಟ್ಟುಕೊಂಡು ಸಾಲಿನ ತುದಿ ಮುಟ್ಟಿದರು. ಡ್ರೈವರುಗಳು ಕುಡಿಯಲಿಲ್ಲ. ಬೊಗಸೆಯಲ್ಲಿ ಮಜ್ಜಿಗೆ ಹಿಡಿದುಕೊಂಡು ಕೂತೇ ಇದ್ದರು. ಬೆರಳ ಸಂದಿಯಿಂದ ಎಲೆಗೆ ಸೋರುತ್ತಿತ್ತು. ಅವರು ತಿರುಗಿ ನೋಡಿ, “ಯಾಕ್ರಪ್ಪಾ, ಹುಳಿ ಆಗಿದೆಯಾ?” ಎಂದರು.

“ಇಲ್ಲ ಯಜಮಾನ್ರೆ, ಚೆನ್ನಾಗೈತೆ” ಎಂದು ಎಲ್ಲರೂ ಒಂದೇ ಸಲ ಕುಡಿದು ಎದ್ದರು.

ದುಃಖದಲ್ಲಿದ್ದಾರೆ, ನಾಳೆ ಕೇಳುತ್ತಾರೆ ಎಂದುಕೊಂಡರು. ನಾಳೆ ಕೇಳಲಿಲ್ಲ. ತಿಂಗಳು ಕಳೆಯಲಿ ಎಂದುಕೊಂಡರು. ಆಮೇಲೆ ವರ್ಷದ ಕಾರ್ಯ ಮುಗಿಯಲಿ, ಆಗ ಅಪ್ಪನ ಜಾಗಕ್ಕೆ ಪೂರ್ತಿಯಾಗಿ ಬರುತ್ತಾರೆ ಎಂದರು. ಮೀಸೆ ಹೊತ್ತ ಗಂಡಸರು, ಬೆಟ್ಟದಂಥ ಬಸ್ಸು ತಿರುಗಿಸುವವರು, ಒಂದು ಪ್ರಶ್ನೆಗೆ ಕಾಯುತ್ತಾ ಕೂತರು. ನಗಬೇಕೋ ಅಳಬೇಕೋ ನೀವೇ ಹೇಳಿ.

ಅಷ್ಟರಲ್ಲಿ ನಮ್ಮನೆಯವರ ಬಸ್ಸಿನ ಬ್ರೇಕು ಮೆತ್ತಗಾಗಿತ್ತು. ಅವರದು ಅರಕಲಗೂಡಿನಿಂದ ಹೊಳೆನರಸೀಪುರದ ಮೇಲೆ ಚನ್ನರಾಯಪಟ್ಟಣಕ್ಕೆ ಹೋಗುವ ಗಾಡಿ. ಒಂದು ಸಲ ತುಳಿದರೆ ಹಿಡಿಯುತ್ತಿರಲಿಲ್ಲ, ಎರಡು ಮೂರು ಸಲ ಪಂಪ್ ಹೊಡೆದ ಹಾಗೆ ತುಳಿಯಬೇಕು. ನಿಲ್ಲುವ ಕಡೆಯೆಲ್ಲ ಕ್ಲೀನರು ಬಸ್ಸು ಪೂರ್ತಿ ನಿಲ್ಲುವ ಮೊದಲೇ ಹಾರಿ, ಕಲ್ಲು ಹಿಡಿದುಕೊಂಡು ಓಡಿ, ಚಕ್ರಕ್ಕೆ ಕೊಡಬೇಕು. ಜನಕ್ಕೆ ಅದೊಂದು ತಮಾಷೆ. “ಬಂತು ನೋಡ್ಲಾ, ಕಲ್ಲಿನ ಬಸ್ಸು!” ಎನ್ನುತ್ತಿದ್ದರಂತೆ ಹಳೇಕೋಟೆ ಕಡೆಯವರು.

ಮೇಸ್ತ್ರಿ ಏನು ಮಾಡುತ್ತಿದ್ದ ಎಂದು ನೀವು ಕೇಳಬಹುದು. ನಾನೂ ಕೇಳಿದೆ. “ಬ್ರೇಕ್ ಆಯಿಲ್ ಉಯ್ದು ಕಳುಸ್ತಾ ಇವ್ನಿ ಕಣಕ್ಕ. ಬಿಚ್ಚಿ ಮಾಡ್ಬೇಕಂದ್ರೆ ಗಾಡಿ ನಿಲ್ಬೇಕು. ಗಾಡಿ ನಿಲ್ಸು ಅಂತ ಯಜಮಾನ್ರು ಏಳ್ದೆ ನಾನ್ ಎಂಗ್ ನಿಲ್ಲುಸ್ಲಿ?” ಎಂದ. ಆಗ ಸರ್ಕಾರಿ ಬಸ್ಸು ಒಂದೊಂದೇ ದಾರಿಗೆ ಬರುತ್ತಿದ್ದ ಕಾಲ. ಟ್ರಿಪ್ ತಪ್ಪಿದರೆ ದಾರಿಯೇ ಕೈತಪ್ಪುತ್ತದೆ ಎಂಬ ಭಯ ಚಿಕ್ಕ ಯಜಮಾನರಿಗೆ. ಅದು ಸುಳ್ಳು ಭಯವೂ ಅಲ್ಲ.

ಒಂದು ಬೆಳಗ್ಗೆ ರೊಟ್ಟಿ ತಟ್ಟುತ್ತಾ ನಮ್ಮನೆಯವರನ್ನು ಹಿಡಿದುಕೊಂಡೆ.

“ಅಲ್ಲಾ, ಬಾಯ್ ಇಲ್ವಾ ನಿಮ್ಗೆ? ಓಗಿ ಏಳ್ಬಾರ್ದಾ?”

“ಕೇಳ್ಲಿ, ಏಳ್ತೀನಿ.”

“ಕೇಳ್ದೇ ಓದ್ರೆ?”

“ಕೇಳ್ತಾರೆ. ದೊಡ್ಡೆಜಮಾನ್ರ ಮಗ ಅಲ್ವಾ. ವರ್ಸದ ಕಾರ್ಯ ಒಂದ್ ಆಗ್ಲಿ.”

“ವರ್ಸದ ಕಾರ್ಯಕ್ಕೂ ಬ್ರೇಕಿಗೂ ಏನ್ ಸಂಬಂದ? ಅಲ್ಲೀಗಂಟ ಗಾಡಿ ಕೈ ಕಟ್ಕಂಡ್ ಕೂತಿರ್ತದಾ?”

“ನಿಂಗ್ ತಿಳಿಯಾಕಿಲ್ಲ, ಸುಮ್ಕಿರೇ. ಆವಯ್ಯ ತುಪ್ಪದ್ ಬಟ್ಲು ಇಡ್ಕಂಡು ನಿಂತಿರ್ತಾರೆ. ಎಲೆ ಮೇಲೆ ಅವ್ರ ಅನ್ನ ಮಡೀಕಂಡು, ನಿನ್ ಗಾಡಿ ಸರಿಗಿಲ್ಲ ಅಂತ ಎಂಗ್ ಅನ್ಲಿ? ಮಾನ ಮರ್ವಾದೆ ಬ್ಯಾಡ್ವಾ?”

“ಆಪೀಸ್ಗೆ ಓಗಿ ಅನ್ನಿ. ಅಲ್ಲಿ ತುಪ್ಪ ಇರಾಕಿಲ್ಲ.”

ಅವರು ನನ್ನನ್ನು ನೋಡಿದ ನೋಟ ಹೇಗಿತ್ತೆಂದರೆ, ನಾನು ಯಾರದೋ ಮನೆಗೆ ಕಳ್ಳತನಕ್ಕೆ ಹೋಗು ಎಂದ ಹಾಗೆ. ಆಫೀಸಿಗೆ ಹೋಗಿ ನಿಲ್ಲುವವನು ಕೂಲಿಯಾಳು. ನಾವು ಮನೆಯವರು. ಮನೆಯವರು ಆಫೀಸಿಗೆ ಹೋಗುವುದಿಲ್ಲ. ಹೀಗೆ ಅವರ ಲೆಕ್ಕ. ಬೇರೆ ಕಂಪನಿಗಳ ಡ್ರೈವರುಗಳು ಮಾಲೀಕನ ಮೇಜಿನ ಮುಂದೆ ನಿಂತು ಜಗಳ ಮಾಡಿ ಟೈರು ಹಾಕಿಸಿಕೊಂಡು ಹೋಗುತ್ತಿದ್ದರು. ನಮ್ಮವರು ಅವರನ್ನು ಕಂಡು, “ಪಾಪ, ಅವ್ರಿಗ್ ಧಣಿ ಇಲ್ಲ” ಎಂದು ಮರುಗುತ್ತಿದ್ದರು.

ಕೊನೆಗೆ ನಾನೇ ಹೇಳಿದೆ. ಸೋಮವಾರದ ಪಾಯಸ ನೋಡಲು ಚಿಕ್ಕ ಯಜಮಾನರು ಅಡುಗೆ ಮನೆಗೆ ಬಂದಿದ್ದರು. ಸೌಟು ಕೆಳಗಿಟ್ಟು, “ಚಿಕ್ಕೆಜಮಾನ್ರೆ, ಒಂದ್ ಮಾತು” ಎಂದೆ.

“ಏನಕ್ಕಾ, ಬೆಲ್ಲ ಸಾಲ್ದೇ ಬಂತಾ?”

“ಬೆಲ್ಲ ಅಲ್ಲ. ನಮ್ಮನೆಯವ್ರ ಗಾಡಿ ಬ್ರೇಕು ತುಳುದ್ರೆ ಇಡೀತಾ ಇಲ್ವಂತೆ. ಎಲ್ಡು ಮೂರು ಸಲ ತುಳೀಬೇಕಂತೆ.”

“ಅವರು ಹೇಳು ಅಂದ್ರಾ?”

“ಇಲ್ಲ. ನಾನೇ ಏಳ್ತಾ ಇವ್ನಿ.”

ಅವರು ನಕ್ಕರು. ವ್ಯಂಗ್ಯದ ನಗುವಲ್ಲ, ಅಕ್ಕರೆಯ ನಗುವೇ. “ಅಕ್ಕಾ, ದಿನಾ ನನ್ನ ಕೈಯಾರೆ ಬಡಿಸ್ತೀನಿ. ಎದುರಿಗೇ ಕೂತಿರ್ತಾರೆ. ಅಂಥದ್ದು ಏನಾದ್ರೂ ಇದ್ದಿದ್ರೆ ನನ್ ಹತ್ರ ಹೇಳ್ತಾ ಇರ್ಲಿಲ್ವಾ? ನಮ್ಮಲ್ಲಿ ಅಂಥ ಸಂಕೋಚ ಎಲ್ಲಿದೆ? ನೀವು ಹೆಂಗಸ್ರು, ಹೆದರ್ಕೊತೀರಾ ಅಷ್ಟೆ.”

ಅವರು ಅದನ್ನು ನಿಜವಾಗಿ ನಂಬಿದ್ದರು. ಬಡಿಸುವ ಕೈ ತಮ್ಮದಾದ್ದರಿಂದ ಎಲ್ಲ ತಮಗೆ ಗೊತ್ತಾಗುತ್ತದೆ ಎಂದು ನಂಬಿದ್ದರು. ಅಪ್ಪನಿಂದ ಸೌಟು ಕಲಿತಿದ್ದರು, ನಿಲ್ಲುವ ಭಂಗಿ ಕಲಿತಿದ್ದರು. ಅಪ್ಪ ಯಾಕೆ ನಿಲ್ಲುತ್ತಿದ್ದರು ಎಂಬುದು ಮಾತ್ರ ತಿಳಿದಿರಲಿಲ್ಲ.

ಈ ಸುದ್ದಿ ನಮ್ಮನೆಯವರ ಕಿವಿಗೆ ಬಿತ್ತು. ಮನೆಗೆ ಬಂದವರು ಶರಟು ಕೂಡ ಬಿಚ್ಚಲಿಲ್ಲ.

“ನನ್ ಮರ್ವಾದೆ ತಗ್ದ್ಬುಟ್ಟಲ್ಲೇ! ಎಂಡ್ರು ಕೈಲಿ ಏಳ್ಸೋ ಗಂಡ್ಸು ಅಂದ್ಕತಾರೆ!”

“ಗಂಡ್ಸು ಏಳ್ನಿಲ್ಲ, ಅದ್ಕೇ ಎಂಗ್ಸು ಏಳುದ್ಲು.”

ಆಮೇಲೆ ಎಷ್ಟೋ ದಿನ ನನ್ನೊಂದಿಗೆ ಮಾತಿಲ್ಲ. ಅದಕ್ಕಿಂತ ಕೆಟ್ಟದ್ದು ಏನಾಯಿತೆಂದರೆ, ಹೆಂಡತಿ ಹೇಳಿ ಮುಗಿಸಿದ ಮೇಲೆ ಅದನ್ನೇ ತಾವೂ ಹೇಳುವುದು ಇನ್ನೂ ನಾಚಿಕೆಗೇಡು ಎನಿಸಿತು ಅವರಿಗೆ. ಇದ್ದ ಒಂದು ದಾರಿಯೂ ಮುಚ್ಚಿತು. ವರ್ಷದ ಕಾರ್ಯ ಬಂತು, ಹೋಯಿತು. ಹೋಳಿಗೆ ಬಡಿಸಿದರು. ಕೇಳಲಿಲ್ಲ.

ಅದು ಸಂತೆಯ ದಿನ. ಬಸ್ಸಿನ ಮೇಲೆ ಮೂಟೆ, ಒಳಗೆ ಉಸಿರಾಡಲು ಜಾಗವಿಲ್ಲದ ಹಾಗೆ ಜನ. ಹೊಳೆನರಸೀಪುರದಲ್ಲಿ ಉಂಡು, ಮಜ್ಜಿಗೆ ಕುಡಿದು, ಚನ್ನರಾಯಪಟ್ಟಣದ ಕಡೆ ಹೊರಟಿದ್ದಾರೆ. ದಾರಿಯಲ್ಲಿ ಒಂದು ಇಳಿಜಾರು, ಇಳಿದ ಕೂಡಲೇ ಕೆರೆ ಏರಿ. ಏರಿಯ ಮೇಲೆ ಎದುರಿಗೆ ಎತ್ತಿನ ಗಾಡಿಗಳು ಬರುತ್ತಿದ್ದವಂತೆ. ಬ್ರೇಕು ತುಳಿದರು, ಪೆಡಲ್ ನೆಲಕ್ಕೆ ಹೋಯಿತು. ಮತ್ತೆ ತುಳಿದರು, ಹಾಗೇ ಹೋಯಿತು. ಕ್ಲೀನರು ಕಲ್ಲು ಹಿಡಿದು ಹಾರಿ ಪಕ್ಕದಲ್ಲೇ ಓಡಿದ. ಓಡುವ ಚಕ್ರಕ್ಕೆ ಕಲ್ಲು ಕೊಡಲು ಯಾರಿಂದ ಆಗುತ್ತದೆ? ಎಡಕ್ಕೆ ಎಳೆದರೆ ಕೆರೆ ನೀರು, ನೇರ ಹೋದರೆ ಎತ್ತಿನ ಗಾಡಿ. ನಮ್ಮನೆಯವರು ಬಲಕ್ಕೆ ಎಳೆದು ಬಸ್ಸನ್ನು ಏರಿ ಮುಗಿಯುವ ಮೊದಲೇ ತಗ್ಗಿನ ಹೊಲಕ್ಕೆ ಇಳಿಸಿದರು. ಉತ್ತ ಮಣ್ಣಿನಲ್ಲಿ ಮೂತಿ ಹೂತು ಪಕ್ಕಕ್ಕೆ ಮಗುಚಿತು.

ಸಾವು ಆಗಲಿಲ್ಲ. ನುಗ್ಗೇಹಳ್ಳಿಯ ಕಡೆಯ ಒಬ್ಬ ಹೆಂಗಸು, ವೀಳ್ಯದೆಲೆ ಮಾರಿ ಬರುತ್ತಿದ್ದವಳು, ಅವಳ ಕಾಲು ಸೀಟಿನ ಕಬ್ಬಿಣಕ್ಕೆ ಸಿಕ್ಕಿ ನಜ್ಜುಗುಜ್ಜಾಯಿತು. ಆಮೇಲೆ ಅವಳು ಕೋಲು ಊರಿಕೊಂಡೇ ನಡೆದದ್ದು. ನಮ್ಮನೆಯವರ ಬಲಗೈ ಮುರಿಯಿತು. ಆಸ್ಪತ್ರೆಯ ಖರ್ಚೆಲ್ಲ ಚಿಕ್ಕ ಯಜಮಾನರೇ ನೋಡಿಕೊಂಡರು, ಇಬ್ಬರದೂ. ಹಣ್ಣು ತಂದು ಮಂಚದ ಪಕ್ಕ ಕೂತು ಕಣ್ಣೊರೆಸಿಕೊಂಡರು. ಯಾರೂ ಅವರನ್ನು ಬೈಯುವ ಹಾಗೇ ಇರಲಿಲ್ಲ.

ಕೆಲವು ದಿನ ಬಿಟ್ಟು ಬ್ರೇಕ್ ಇನ್ಸ್‌ಪೆಕ್ಟರು ಬಂದರು. ಬಸ್ಸು ಪರೀಕ್ಷೆ ಮಾಡುವ ಸಾಹೇಬರಿಗೆ ನಮ್ಮ ಜನ ಹಾಗೇ ಹೇಳುವುದು. ಅಷ್ಟು ಹೊತ್ತಿಗೆ ಬಸ್ಸನ್ನು ಎಳೆಸಿ ಶೆಡ್ಡಿಗೆ ತಂದಾಗಿತ್ತು. ಮೇಸ್ತ್ರಿ ಬ್ರೇಕನ್ನು ಪೂರ್ತಿ ಬಿಚ್ಚಿ ಹೊಸದಾಗಿ ಕೂರಿಸಿದ್ದ. ಈಗ ಗಾಡಿ ನಿಂತೇ ಇತ್ತಲ್ಲ, ಯಾರ ಅಪ್ಪಣೆಯೂ ಬೇಕಿರಲಿಲ್ಲ. ಇನ್ಸ್‌ಪೆಕ್ಟರು ಪೆಡಲ್ ಒತ್ತಿ ನೋಡಿ, “ಚೆನ್ನಾಗೇ ಇದೆಯಲ್ರೀ” ಎಂದರು. ಆಮೇಲೆ ಊಟಕ್ಕೆ ಕೂತರು. ಚಿಕ್ಕ ಯಜಮಾನರೇ ಬಡಿಸಿದರು. ಕೈ ತೊಳೆದು ಬಂದು, ಡ್ರೈವರುಗಳನ್ನೆಲ್ಲ ಊಟದ ಮನೆಯಲ್ಲೇ ನಿಲ್ಲಿಸಿ ಕೇಳಿದರು.

“ಈ ಗಾಡಿ ಬ್ರೇಕ್ ಸರಿಯಿಲ್ಲ ಅಂತ ನಿಮ್ಮಲ್ಲಿ ಯಾರಾದ್ರೂ ಮಾಲೀಕರಿಗೆ ಹೇಳಿದ್ರಾ?”

“ಇಲ್ಲ ಸಾ.”

“ನೀನು?”

“ಇಲ್ಲ ಸಾ.”

ಒಬ್ಬರೂ ಸುಳ್ಳು ಹೇಳಲಿಲ್ಲ ನೋಡಿ. ಯಾರೂ ಹೇಳಿರಲಿಲ್ಲ ಎನ್ನುವುದು ನಿಜವೇ ತಾನೆ? ಕೊನೆಗೆ ನಮ್ಮನೆಯವರ ಸರದಿ. ಕೈಯನ್ನು ಕುತ್ತಿಗೆಗೆ ಜೋಲಿ ಕಟ್ಟಿಕೊಂಡು ನಿಂತಿದ್ದರು.

“ನೀನು ಹೇಳಿದ್ಯಾ?”

“ಇಲ್ಲ ಸಾ.”

“ಯಾಕೆ ಹೇಳ್ಲಿಲ್ಲ?”

“ಅವ್ರು ಕೇಳ್ನಿಲ್ಲ ಸಾ.”

“ಅವರು ಯಾಕಯ್ಯ ಕೇಳ್ಬೇಕು? ಓಡ್ಸೋನು ನೀನೋ ಅವರೋ?”

ಅಲ್ಲಿದ್ದ ಡ್ರೈವರುಗಳಿಗೆಲ್ಲ ನಮ್ಮನೆಯವರು ‘ಕೇಳ್ನಿಲ್ಲ’ ಎಂದದ್ದರ ಅರ್ಥ ಗೊತ್ತಿತ್ತು. ಇನ್ಸ್‌ಪೆಕ್ಟರಿಗೆ ಗೊತ್ತಾಗಲು ಸಾಧ್ಯವಿರಲಿಲ್ಲ. ಒಬ್ಬನೂ ಬಿಡಿಸಿ ಹೇಳಲಿಲ್ಲ. ನಾನು ಅಡುಗೆ ಮನೆಯಿಂದ ಹೊರಗೆ ಬಂದೆ.

“ನಾನ್ ಏಳಿದ್ದೆ ಸಾ. ಇದೇ ಮನೇಲಿ, ಇವ್ರ ಮುಂದೆನೇ ಏಳಿದ್ದೆ.”

ಇನ್ಸ್‌ಪೆಕ್ಟರು ಚಿಕ್ಕ ಯಜಮಾನರ ಮುಖ ನೋಡಿದರು. ಅವರು ಮೆಲ್ಲಗೆ, “ಅಡುಗೆಯವರು ಸಾರ್, ಆತನ ಹೆಂಡತಿ. ಪಾಪ, ಸಂಕಟ” ಎಂದರು. ಇನ್ಸ್‌ಪೆಕ್ಟರು ನನ್ನ ಕಡೆ ಕರುಣೆಯಿಂದ ತಲೆ ಆಡಿಸಿದರು. ಆ ಕರುಣೆಗೆ ಬೆಂಕಿ ಹಾಕಬೇಕೆನಿಸಿತು.

ಆಗ ಬಾಗಿಲ ಆಚೆಯಿಂದ ಕ್ಲೀನರ ಮಾತು ಕೇಳಿಸಿತು. ಹೊಸ್ತಿಲು ದಾಟದೆ ಅಂಗಳದಲ್ಲೇ ನಿಂತಿದ್ದ.

“ಬುದ್ಧೀ, ವರ್ಸೊಪ್ಪತ್ತಿಂದ ನಾನು ಆ ಚಕ್ರಕ್ಕೆ ಕಲ್ಲು ಕೊಡ್ತಾ ಇವ್ನಿ. ಬ್ರೇಕ್ ಇದ್ದಿದ್ರೆ ನಾನ್ಯಾಕ್ ಓಡ್ತಿದ್ದೆ? ದಾರಿ ಉದ್ದುಕ್ಕೂ ಜನಾನೇ ನೋಡವ್ರೆ, ಕೇಳಿ. ಈ ಅಣ್ಣಂದು ತಪ್ಪಿಲ್ಲ.”

“ಯಾರವನು?” ಎಂದರು ಇನ್ಸ್‌ಪೆಕ್ಟರು.

“ಕ್ಲೀನರ್ ಸಾರ್” ಎಂದು ಯಾರೋ ಹೇಳಿದರು.

“ಕ್ಲೀನರ್ ಎಲ್ಲಾ ಬ್ರೇಕ್ ವಿಷಯ ಹೇಳೋ ಹಾಗಾಯ್ತಾ” ಎಂದು ನಕ್ಕು ಅವರು ಎದ್ದರು.

ಆ ಊಟದ ಮನೆಯಲ್ಲಿ ಅಷ್ಟು ಗಂಡಸರಿದ್ದರಲ್ಲ, ಅವರೆಲ್ಲರ ನಾಲಿಗೆಯ ಮೇಲೂ ತುಪ್ಪ ಇತ್ತು. ಆತನನ್ನು ಒಳಗೆ ಕೂರಿಸಿ ಉಣ್ಣಿಸಿರಲಿಲ್ಲ, ಅದಕ್ಕೇ ಆತನ ನಾಲಿಗೆ ನೆಟ್ಟಗಿತ್ತು. ಮುಂದಿನ ವಾರ ಆತನಿಗೆ ಕೆಲಸವಿಲ್ಲ ಎಂದರು. ಆತ ಶೆಟ್ಟಿಹಳ್ಳಿಯ ಕಡೆ ಯಾರದೋ ಗದ್ದೆ ಕೆಲಸಕ್ಕೆ ಹೋದ ಎಂದು ಕೇಳಿದೆ. ಆಮೇಲೆ ನಾನು ಆತನನ್ನು ನೋಡಲಿಲ್ಲ.

ನಮ್ಮನೆಯವರ ಲೈಸೆನ್ಸನ್ನು ಒಂದಷ್ಟು ಕಾಲ ಅಮಾನತು ಮಾಡಿದರು. ಚಿಕ್ಕ ಯಜಮಾನರು ಮನೆಗೆ ಬಂದು ಜಗುಲಿಯ ಮೇಲೆ ಕೂತು, “ಬೇಜಾರಾಗ್ಬೇಡ. ಶೆಡ್ಡಲ್ಲಿ ಕಾವಲು ಕೆಲಸ ಇದೆ. ಸ್ಟೀರಿಂಗ್ ಒಂದು ಕೇಳ್ಬೇಡ, ಜನ ನಾಲ್ಕು ಮಾತಾಡ್ತಾರೆ. ಊಟಕ್ಕಂತೂ ಏನೂ ಕೊರತೆ ಇಲ್ಲ” ಎಂದರು. ನಮ್ಮನೆಯವರು ಜಗುಲಿಯಿಂದ ಎದ್ದು ನಿಂತರು. ಆಮೇಲೆ, “ಕಾವ್ಲು ಕಾಯಾಕೆ ನಾಯಿ ಐತಲ್ಲ ಯಜಮಾನ್ರೆ” ಎಂದರು. ಜೀವಮಾನದಲ್ಲಿ ಆ ಮನೆಯವರಿಗೆ ಅವರು ಎದುರು ಹೇಳಿದ ಮಾತು ಅದೊಂದೇ. ಅವತ್ತಿನಿಂದ ನಾನೂ ಆ ಒಲೆ ಹಚ್ಚಲಿಲ್ಲ.

ಲೈಸೆನ್ಸು ತಿರುಗಿ ಬಂತು. ಕೈ ಮೂಳೆಯೂ ಕೂಡಿತು. ಅವರಿಗೆ ಬೇಕಾಗಿದ್ದದ್ದು ಒಂದು ಸ್ಟೀರಿಂಗ್, ಅಷ್ಟೇ. ಯಾರದ್ದಾದರೂ ಸರಿ, ಎಂಥ ಹಳೆಯ ಬಸ್ಸಾದರೂ ಸರಿ. ಬೇರೆ ಏನೂ ಅವರಿಗೆ ಬರುತ್ತಿರಲಿಲ್ಲ. ಅರಕಲಗೂಡಿನಲ್ಲಿ ಒಬ್ಬರ ಹತ್ತಿರ ಹೋದರು, ಚನ್ನರಾಯಪಟ್ಟಣದಲ್ಲಿ ಒಬ್ಬರ ಹತ್ತಿರ ಹೋದರು. ಹಾಸನಕ್ಕೆ ಹೋದಾಗ ನಾನೂ ಜೊತೆಗೆ ಹೋದೆ, ಬಿಟ್ಟರೆ ಬಾಗಿಲ ತನಕ ಹೋಗಿ ವಾಪಸು ಬರುತ್ತಾರೆ ಎಂದು.

ಹಾಸನದ ಆ ಮಾಲೀಕರು ಗಲ್ಲಾದ ಹಿಂದೆ ಕಾಲು ಮಡಿಸಿ ಕೂತಿದ್ದರು. ಒರಟು ಮನುಷ್ಯ, ಆದರೆ ಎದುರಿಗೆ ಸ್ಟೂಲು ಎಳೆದು ಕೂರಿಸಿದರು.

“ಎಷ್ಟ್ ವರ್ಸ ಓಡ್ಸಿದೀಯಾ?”

ನಮ್ಮನೆಯವರು ಹೇಳಿದರು.

“ಎಲ್ಲಿ?”

ಹೇಳಿದರು. ಆ ಹೆಸರು ಕೇಳಿ ಮಾಲೀಕರ ಮುಖ ಅರಳಿತು. “ಓಹೋ, ಊಟದ್ ಕಂಪ್ನಿ! ದೇವ್ರಂತಾ ಜನ ಕಣಯ್ಯ. ಅಲ್ಲಿಂದ ಯಾಕ್ ಬುಟ್ಟೆ?”

ನಮ್ಮನೆಯವರು ತೊದಲುತ್ತಾ ಕೆರೆ ಏರಿಯ ಕಥೆ ಹೇಳಿದರು. ಬ್ರೇಕ್ ಹಿಡಿಯಲಿಲ್ಲ ಎಂದರು. ಮಾಲೀಕರು ಕೇಳುತ್ತಾ ಕೇಳುತ್ತಾ ಎಲೆ ಅಡಿಕೆ ಹಾಕಿಕೊಂಡರು.

“ನೋಡಪ್ಪಾ, ಬೇಜಾರ್ ಮಾಡ್ಕಬ್ಯಾಡ. ಬ್ಯಾರೆ ಯಾರ್ ತಾವಿಂದ ಬಂದು ಈ ಮಾತ್ ಏಳಿದ್ರೂ ನಂಬ್ತಿದ್ದೆ. ನಾವೆಲ್ಲಾ ಬ್ರೇಕ್ ಇಲ್ದಲೇ ಓಡ್ಸೋ ನನ್ಮಕ್ಳೇ. ಆದ್ರೆ ಅವ್ರು ಡ್ರೈವರ್ಗಳ್ನ ಮನೆ ಮಕ್ಕಳಂಗೆ ಸಾಕ್ತಾರೆ. ಅಂತೋರ್ ತಾವ್ಲೇ ನಿಲ್ಲಾಕಾಗ್ನಿಲ್ಲ ಅಂದ್ರೆ, ನಿಂದೇ ಏನೋ ಇರ್ಬೇಕು.”

ಅರಕಲಗೂಡಿನವರೂ ಇದನ್ನೇ ಹೇಳಿದ್ದರಂತೆ, ಚನ್ನರಾಯಪಟ್ಟಣದವರೂ ಇದನ್ನೇ. ಇವರು ಬಾಯಿ ಬಿಟ್ಟು ನನಗೆ ಹೇಳಿರಲಿಲ್ಲ ಅಷ್ಟೇ.

ಹೊರಗೆ ಬಂದು ಬಸ್ ಸ್ಟ್ಯಾಂಡಿನ ಕಟ್ಟೆ ಮೇಲೆ ಕೂತೆವು. ನಮ್ಮೂರಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ನಾನು ಆ ಮಾಲೀಕನನ್ನು, ಚಿಕ್ಕ ಯಜಮಾನರನ್ನು, ಸತ್ತುಹೋದ ದೊಡ್ಡ ಯಜಮಾನರನ್ನು, ಎಲ್ಲರನ್ನೂ ಸೇರಿಸಿ ಬೈಯುತ್ತಿದ್ದೆ. ಪಕ್ಕದಲ್ಲಿ ಕೂತವರು ತಿರುಗಿ ನೋಡುತ್ತಿದ್ದರು. ನಮ್ಮನೆಯವರು ಕೈ ಎತ್ತಿ ತಡೆದರು.

“ಬ್ಯಾಡ ಕಣೇ. ಬೈಬ್ಯಾಡ. ಅಂತಾ ಮನೆ ಅದು. ಎಲ್ರೂ ಸುಳ್ ಏಳ್ತಾರಾ? ಏನೋ ನಂದೇ ಇರ್ಬೇಕು.”

ಬೇಸಾಯದವರ ಮನೆಯಲ್ಲಿ ಕೂಲಿಗೆ ಹೋದರು, ಆಮೇಲೆ ಅಕ್ಕಿ ಮಿಲ್ಲಿನಲ್ಲಿ ಮೂಟೆ ಹೊತ್ತರು. ಸ್ಟೀರಿಂಗ್ ಯಾರೂ ಕೊಡಲಿಲ್ಲ. ನಾನು ಅವರಿಗೆ ಎಷ್ಟು ಸಲ ಎಷ್ಟು ಬಗೆಯಲ್ಲಿ ಹೇಳಿದೆನೋ ಲೆಕ್ಕವಿಲ್ಲ, ನಿಮ್ಮದು ತಪ್ಪಲ್ಲ, ಬ್ರೇಕಿನದು, ಕೇಳದವರದು ಎಂದು. ಅವರು ಹೂಂ ಎನ್ನುತ್ತಿದ್ದರು. ನಂಬಲಿಲ್ಲ. ಸಾಯುವ ತನಕ ನಂಬಲಿಲ್ಲ.